ಹಿತ್ತಲಲ್ಲಿ ಇಟ್ಟ ಮದ್ದು

ಮೊದಲ ನಾಯಿ ಬಂದದ್ದು ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ. ಆ ಹೊತ್ತಿಗೆ ನಮ್ಮ ಪಶು ಚಿಕಿತ್ಸಾಲಯದ ಅಂಗಳದಲ್ಲಿ ಆರು ಹಸು, ಎರಡು ಮೇಕೆ ಸಾಲಾಗಿ ನಿಂತಿದ್ದವು. ಅರಕಲಗೂಡು ತಾಲೂಕಿನ ಒಂದು ಹೋಬಳಿಯ ಚಿಕಿತ್ಸಾಲಯ ಅದು. ನಾನೊಬ್ಬಳೇ ಡಾಕ್ಟರು, ಜೊತೆಗೆ ಒಬ್ಬ ಸಹಾಯಕರು. ಸಹಾಯಕರಿಗೆ ನಿವೃತ್ತಿ ಹತ್ತಿರವಾಗಿತ್ತು. ಕಷ್ಟದ ಹೆರಿಗೆಗಳಲ್ಲಿ ನನಗಿಂತ ಹೆಚ್ಚು ಕರುಗಳನ್ನು ಅವರೇ ಹೊರಗೆಳೆದಿದ್ದರು. ಮುಂಗಾರು ಹಿಡಿದು ಹತ್ತು ದಿನವಾಗಿತ್ತು. ಅಂಗಳದ ಮಣ್ಣು ಗೊಜ್ಜಿನ ಹಾಗೆ ಆಗಿತ್ತು.

ಆಟೋ ಒಳಗೇ ಬಂದು ನಿಂತಿತು. ಇಳಿದವರು ಪಕ್ಕದ ಹಳ್ಳಿಯ ಅಂಗನವಾಡಿ ಟೀಚರು. ಐವತ್ತರ ಹತ್ತಿರದ ಹೆಂಗಸು, ಗಂಡನಿಲ್ಲ, ಮಕ್ಕಳಿಲ್ಲ. ಬೆಡ್‌ಶೀಟಿನಲ್ಲಿ ಸುತ್ತಿದ ನಾಯಿಯನ್ನು ಎದೆಗವಚಿಕೊಂಡಿದ್ದರು. ಕಂದು ಬಣ್ಣದ ಊರನಾಯಿ, ಹೆಸರು ಗುಂಡ. ಪ್ರತಿ ವರ್ಷ ರೇಬಿಸ್ ಲಸಿಕೆಗೆ ತಾರೀಖು ತಪ್ಪದೆ ಕರೆತರುತ್ತಿದ್ದರು, ಆದ್ದರಿಂದ ನನಗೆ ಪರಿಚಯವಿತ್ತು.

"ಆರು ಗಂಟೆಗೆ ಎದ್ದಾಗ ಚೆನ್ನಾಗೇ ಇದ್ದ ಮೇಡಂ. ಬಾಗಿಲು ತೆಗೆದೆ, ಹಿತ್ತಲಿಗೆ ಹೋಗಿ ಬಂದ. ಆಮೇಲೆ ನಡೀತಾ ನಡೀತಾ ವಾಲಕ್ಕೆ ಶುರು ಮಾಡಿದ," ಅಂದರು.

ಕಬ್ಬಿಣದ ಮೇಜಿನ ಮೇಲೆ ಮಲಗಿಸಿದೆವು. ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಮೈಯೆಲ್ಲ ಅದುರುತ್ತಿತ್ತು. ಮೇಜನ್ನು ಯಾರಾದರೂ ತಟ್ಟಿದರೆ ಸಾಕು, ಕಾಲು ನಾಲ್ಕೂ ಸೆಟೆದು ನಿಲ್ಲುತ್ತಿದ್ದವು. ಉಸಿರು ತಿದಿ ಒತ್ತಿದ ಹಾಗೆ ಬರುತ್ತಿತ್ತು.

ನಮ್ಮ ಕಡೆ ಮಳೆ ಶುರುವಾದ ಮೇಲೆ ಇಂಥದ್ದು ಬರುವುದು ಹೊಸದೇನಲ್ಲ. ಶುಂಠಿ ಪಾತಿಗೆ ಹರಳು ಔಷಧಿ ಹಾಕುತ್ತಾರೆ, ಜೋಳಕ್ಕೆ ಹುಳ ಬಿದ್ದಾಗ ಹೊಡೆಯುತ್ತಾರೆ. ಖಾಲಿ ಪೊಟ್ಟಣ ಬದುವಿನ ಮೇಲೆ ಬಿದ್ದಿರುತ್ತದೆ. ನಾಯಿ ನೆಕ್ಕುತ್ತದೆ, ದನ ಮೂಸುತ್ತದೆ. ಕೀಟನಾಶಕದ ವಿಷಕ್ಕೆ ಆಟ್ರೋಪಿನ್ ಕೊಡಬೇಕು, ತಡಮಾಡದೆ ಕೊಡಬೇಕು. ಎಷ್ಟೋ ಪ್ರಾಣಿಗಳನ್ನು ಹಾಗೆ ಉಳಿಸಿಕೊಂಡಿದ್ದೆ. ನೋಡಿದ ತಕ್ಷಣ ನನ್ನ ಕೈ ಆಟ್ರೋಪಿನ್ ಡಬ್ಬಿಗೆ ಹೋಯಿತು.

ಒಂದು ಆಂಪ್ಯೂಲಿನಲ್ಲಿ ಇರುವುದು ಸ್ವಲ್ಪ. ಹದಿನಾರು ಕೆಜಿಯ ನಾಯಿಗೆ ಐದಾರು ಒಡೆಯಬೇಕು. ಸಹಾಯಕರು ಒಡೆದು ಕೊಟ್ಟರು, ನಾನು ಸಿರಿಂಜಿಗೆ ಎಳೆದುಕೊಂಡೆ. ಮುಂಗಾಲಿನ ನರ ಸಿಕ್ಕಿತು. ಕೊಟ್ಟೆ. ಹತ್ತು ನಿಮಿಷದಲ್ಲಿ ಜೊಲ್ಲು ನಿಂತಿತು, ಬಾಯಿ ಒಣಗಿತು. ಔಷಧಿ ಹಿಡಿಯಿತು ಅಂದುಕೊಂಡೆ.

ಅದುರುವುದು ಮಾತ್ರ ನಿಲ್ಲಲಿಲ್ಲ. ಅರ್ಧ ಗಂಟೆ ಬಿಟ್ಟು ಇನ್ನೊಂದು ಡೋಸ್ ಕೊಟ್ಟೆ. ಡ್ರಿಪ್ ಹಾಕಿದೆ. ಫಿಟ್ಸ್ ಜೋರಾಯಿತು. ಟೀಚರು ಗುಂಡನ ಕಿವಿಯ ಹತ್ತಿರ ಬಗ್ಗಿ ಏನೋ ಹೇಳುತ್ತಿದ್ದರು. ಮಕ್ಕಳಿಗೆ ಅಕ್ಷರ ಹೇಳಿಕೊಡುವವರ ಧ್ವನಿ, ನಿಧಾನ. ಹನ್ನೊಂದೂವರೆಗೆ ಉಸಿರು ನಿಂತಿತು. ಎದೆ ಒತ್ತಿ ನೋಡಿದೆ. ಆಮೇಲೆ ಬಿಟ್ಟೆ.

"ಏನಾಗಿತ್ತು ಮೇಡಂ?"

"ವಿಷ ತಿಂದಿತ್ತು. ಹೊಲಕ್ಕೆ ಹೊಡೆಯೋ ಔಷಧಿ ಇರಬೇಕು."

"ಇವನು ಹೊಲಕ್ಕೆ ಹೋಗಲ್ಲ. ನಮಗೆ ಹೊಲಾನೂ ಇಲ್ಲ. ನಾನು ಮನೇಲಿ ಇಲಿ ಪಾಷಾಣ ಕೂಡ ಇಡಲ್ಲ. ಫಿನೈಲ್ ಕೂಡ ಅಟ್ಟದ ಮೇಲೆ ಇಡ್ತೀನಿ ಇವನಿಗೋಸ್ಕರ."

ಟೀಚರು ಚೀಟಿ ಕೇಳಿದರು. ಹೊರರೋಗಿ ಚೀಟಿಯ ಮೇಲೆ "ಕೀಟನಾಶಕ ವಿಷಪ್ರಾಶನ" ಎಂದು ಬರೆದು ಸಹಿ ಹಾಕಿ ಕೊಟ್ಟೆ. "ಶಂಕೆ" ಎಂಬ ಎರಡಕ್ಷರ ಸೇರಿಸಬೇಕಿತ್ತು, ಸೇರಿಸಲಿಲ್ಲ. ಹೊರಗೆ ಹಸುಗಳು ಕಾಯುತ್ತಿದ್ದವು. ಮೇಜು ತೊಳೆಸಿ ಮುಂದಿನದನ್ನು ಕರೆದೆ.

ಮಂಗಳವಾರ ಬೆಳಿಗ್ಗೆ ಅದೇ ಬೀದಿಯಿಂದ ಎರಡು ನಾಯಿ ಬಂದವು. ಒಂದು ಆಟೋದಲ್ಲೇ ಸತ್ತಿತ್ತು. ಇನ್ನೊಂದು ಕಪ್ಪು ಮರಿ, ಆರು ತಿಂಗಳದ್ದು. ಅದಕ್ಕೂ ಆಟ್ರೋಪಿನ್ ಕೊಟ್ಟೆ. ಅದರದ್ದೂ ಬಾಯಿ ಒಣಗಿತು, ಅದೂ ನಿಲ್ಲದೆ ಅದುರಿತು, ಮಧ್ಯಾಹ್ನ ಒಂದೂವರೆಗೆ ಹೋಯಿತು. ತಂದವರು ಶುಂಠಿ ಬೆಳೆಯುವ ಗಂಡ ಹೆಂಡತಿ. ಹೆಂಡತಿ ಗೋಡೆಗೆ ಒರಗಿ ನಿಂತೇ ಇದ್ದಳು. ಗಂಡ, "ಊರಲ್ಲಿ ಯಾರೋ ಬೇಕಂತ್ಲೆ ಆಕ್ತಾವ್ರೆ ಮೇಡಂ. ಒಂದೇ ಬೀದಿ ಮೂರು ನಾಯಿ ಎರಡ್ ದಿನದಲ್ಲಿ ಎಂಗೆ ಸಾಯ್ತವೆ?" ಅಂದ.

ನನಗೂ ಹಾಗೇ ಅನಿಸಿತ್ತು.

ಮರಿಯನ್ನು ಕೊಯ್ದು ನೋಡಿದೆ, ಅವರ ಒಪ್ಪಿಗೆ ಪಡೆದು. ಶೆಡ್ಡಿನ ಹಿಂದೆ, ಸಿಮೆಂಟ್ ಕಟ್ಟೆಯ ಮೇಲೆ. ಹೊಟ್ಟೆಯಲ್ಲಿ ಕಲಸಿದ ತೌಡು ಇತ್ತು, ಹುಳಿಹುಳಿ ವಾಸನೆ. ಕೊಟ್ಟಿಗೆಗೆ ನುಗ್ಗಿ ಹಸುವಿನ ಬಾನಿ ನೆಕ್ಕಿದೆ ಎಂದುಕೊಂಡೆ. ಶ್ವಾಸಕೋಶ, ಪಿತ್ತಜನಕಾಂಗ ಎಲ್ಲ ರಕ್ತ ಕಟ್ಟಿ ಕೆಂಪಾಗಿದ್ದವು. ಎಷ್ಟೋ ವಿಷಗಳಲ್ಲಿ ಹಾಗೇ ಆಗುತ್ತದೆ. ಹೊಟ್ಟೆಯಲ್ಲಿದ್ದದ್ದನ್ನು ಬಾಟಲಿಗೆ ತುಂಬಿ ಇಡಬೇಕಿತ್ತು. ಅಂದು ಕೆಚ್ಚಲುಬಾವಿನ ಹಸುಗಳು ಹೆಚ್ಚಿದ್ದವು, ಬಾಟಲಿ ತೊಳೆದು ಇಟ್ಟಿರಲಿಲ್ಲ. ಹೂಳಲು ಹೇಳಿದೆ.

ಆ ವಾರ ಮನೆಯಲ್ಲಿ ಏನು ಅಡುಗೆ ಮಾಡಿದೆ ಎಂದು ಕೇಳಿದರೆ ಹೇಳಲಾರೆ. ತಿಂದದ್ದು ನೆನಪಿದೆ. ಕೈಗೆ ಡೆಟಾಲ್ ವಾಸನೆ ಇತ್ತು, ಅದು ನೆನಪಿದೆ. ದುಃಖ ಅನ್ನುವಂಥದ್ದು ಏನೂ ಆಗುತ್ತಿರಲಿಲ್ಲ. ಬೆಳಿಗ್ಗೆ ಗೇಟು ತೆಗೆಯುವಾಗ ರಸ್ತೆಯ ಕಡೆ ನೋಡುತ್ತಿದ್ದೆ, ಆಟೋ ಬರುತ್ತದೆಯಾ ಎಂದು. ಬರದಿದ್ದರೆ ಒಳಗೆ ಹೋಗಿ ರಿಜಿಸ್ಟರ್ ತೆಗೆಯುತ್ತಿದ್ದೆ.

ಗುರುವಾರ ಸಹಾಯಕರು ಸುದ್ದಿ ತಂದರು. ಅವರದು ಆ ನಾಯಿಗಳ ಊರಿನ ಪಕ್ಕದ ಊರು.

"ಕೋಳಿಯವನನ್ನ ಸ್ಟೇಷನ್ನಿಗೆ ಕರೆಸಿದ್ರಂತೆ ಮೇಡಂ. ನಿಮ್ಮ ಚೀಟಿ ತೋರ್ಸಿ ಕಂಪ್ಲೇಂಟ್ ಕೊಟ್ಟವ್ರೆ."

ಕೋಳಿಯವನು ಅಂದರೆ ಆ ಬೀದಿಯ ಕೊನೆಮನೆಯವರು. ಅರವತ್ತು ದಾಟಿದ ಮನುಷ್ಯ. ನಾಟಿಕೋಳಿ ಸಾಕಿ ಮೊಪೆಡ್‌ನ ಹಿಂದೆ ಬುಟ್ಟಿ ಕಟ್ಟಿಕೊಂಡು ಸಂತೆ ಸಂತೆಗೆ ಹೋಗಿ ಮಾರುತ್ತಿದ್ದರು. ತಿಂಗಳ ಹಿಂದೆ ಬೀದಿ ನಾಯಿಗಳೆಲ್ಲ ಸೇರಿ ಅವರ ಗೂಡಿಗೆ ನುಗ್ಗಿ ಹನ್ನೊಂದು ಕೋಳಿ ಕೊಂದಿದ್ದವಂತೆ. ಆ ನಾಯಿಗಳಲ್ಲಿ ಗುಂಡನೂ ಇದ್ದನಂತೆ. ಆವತ್ತು ಅವರು ಟೀ ಅಂಗಡಿಯ ಮುಂದೆ ನಿಂತು, "ಇವಕ್ಕೆಲ್ಲ ಒಂದು ಗತಿ ಕಾಣ್ಸ್ತೀನಿ" ಅಂದಿದ್ದರಂತೆ. ಬೀದಿಯೆಲ್ಲ ಕೇಳಿಸಿಕೊಂಡಿತ್ತು.

"ಒಪ್ಪಿಕೊಂಡ್ರಾ?" ಅಂದೆ.

"ಇಲ್ಲ ಅಂದ್ನಂತೆ. ಸಂಜೆ ತಂಕ ಕೂರ್ಸಿ ಕಳ್ಸವ್ರೆ. ಅವ್ನು ಅಲ್ಲಿ ಕುಂತಿರೋವಾಗ ಇಲ್ಲಿ ಯಾರೋ ಓಗಿ ಕೋಳಿಗೂಡು ಕಿತ್ತಾಕ್ಬುಟ್ಟವ್ರೆ."

ನನ್ನ ಚೀಟಿಯ ಫೋಟೋ ಊರಿನವರ ಮೊಬೈಲುಗಳಲ್ಲೆಲ್ಲ ಓಡಾಡುತ್ತಿತ್ತು. ಸಹಾಯಕರು ತಮ್ಮ ಫೋನಿನಲ್ಲಿ ತೋರಿಸಿದರು. ನನ್ನ ಅಕ್ಷರ, ನನ್ನ ಸೀಲು. ನೋಡಿ ವಾಪಸ್ ಕೊಟ್ಟೆ.

ಶುಕ್ರವಾರ ಬೆಳಿಗ್ಗೆ ಎಂಟೂಕಾಲಿಗೆ, ಗೇಟು ತೆಗೆಯುತ್ತಿದ್ದಾಗಲೇ ಮೊಪೆಡ್ ಬಂತು. ಹಿಂದಿನ ಕೋಳಿ ಬುಟ್ಟಿಯೊಳಗೆ ಒಂದು ಬಿಳಿ ಹೆಣ್ಣು ನಾಯಿ ತುರುಕಿದ ಹಾಗೆ ಮಲಗಿತ್ತು. ಬುಟ್ಟಿಯೇ ಅದುರುತ್ತಿತ್ತು. ಮುದುಕರು ಕಾಲು ಊರಿ ನಿಂತರು.

"ಇವ್ನೇ ಕಣ್ ಮೇಡಂ," ಸಹಾಯಕರು ಕಿವಿಯ ಹತ್ತಿರ ಹೇಳಿದರು.

"ಬೆಳ್ಳಿ ಅಂತ," ಅಂದರು ಮುದುಕರು. "ಒಂದ್ ಗಂಟೆ ಆಯ್ತು. ಆಟೋದವ್ನು ಬರಾಕಿಲ್ಲ ಅಂದ. ಅದ್ಕೆ ಇದ್ರಲ್ಲೇ ತಂದೆ."

ಒಳಗೆ ತಂದು ಮೇಜಿನ ಮೇಲಿಟ್ಟೆವು. ಅದೇ ಜೊಲ್ಲು, ಅದೇ ಅದುರು. ಆಟ್ರೋಪಿನ್ ಡಬ್ಬಿ ತೆಗೆದೆ. ಎರಡೇ ಆಂಪ್ಯೂಲ್ ಉಳಿದಿದ್ದವು. ಉಳಿದದ್ದನ್ನು ಸೋಮವಾರ, ಮಂಗಳವಾರ ನಾನೇ ಮುಗಿಸಿದ್ದೆ, ಹೊಸ ಸ್ಟಾಕ್ ಬಂದಿರಲಿಲ್ಲ. ಅರಕಲಗೂಡಿನ ಮೆಡಿಕಲ್ ಸ್ಟೋರಿನಿಂದ ತರಬೇಕು, ಹೋಗಿ ಬರಲು ಮುಕ್ಕಾಲು ಗಂಟೆ. ಸಹಾಯಕರಿಗೆ ಗಾಡಿ ತೆಗೆಯಲು ಹೇಳಿದೆ.

ಅವರು ಹೆಲ್ಮೆಟ್ ಹುಡುಕುತ್ತಿದ್ದರು. ನಾನು ಖಾಲಿ ಕೈಯಲ್ಲಿ ನಿಂತಿದ್ದೆ. ಸುಮ್ಮನೆ ನಿಲ್ಲಲಾಗದೆ ಥರ್ಮಾಮೀಟರ್ ಇಟ್ಟೆ. ಗುಂಡನಿಗೂ ಕಪ್ಪು ಮರಿಗೂ ಇಟ್ಟಿರಲಿಲ್ಲ. ಅವು ಅಷ್ಟು ಒದ್ದಾಡುತ್ತಿದ್ದವು, ಗಾಜು ಒಡೆದೀತು ಎಂದು ಬಿಟ್ಟಿದ್ದೆ. ಈಗ ಮುದುಕರು ಬೆಳ್ಳಿಯ ಸೊಂಟವನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡರು.

ನೂರೆಂಟು ಡಿಗ್ರಿ. ನಾಯಿಗೆ ನೂರೊಂದು, ನೂರೆರಡು ಇರಬೇಕು.

ಮತ್ತೆ ಇಟ್ಟು ನೋಡಿದೆ. ನೂರೆಂಟೇ. ಟಾರ್ಚ್ ಹಿಡಿದು ಕಣ್ಣು ನೋಡಿದೆ. ಪಾಪೆ ದೊಡ್ಡದಾಗಿ ಅರಳಿತ್ತು. ಕೀಟನಾಶಕದ ವಿಷದಲ್ಲಿ ಪಾಪೆ ಸೂಜಿಮೊನೆಯಷ್ಟಾಗಬೇಕು. ಎದೆಬಡಿತ ನಿಧಾನವಾಗಿರಬೇಕು, ಇದು ಎಣಿಸಲಾಗದಷ್ಟು ಓಡುತ್ತಿತ್ತು. ಇದು ನಾನು ಅಂದುಕೊಂಡಿದ್ದ ವಿಷವೇ ಅಲ್ಲ.

ಹೊಳೆನರಸೀಪುರದಲ್ಲಿ ನನ್ನ ಜೊತೆ ಓದಿದ ಗೆಳತಿಯೊಬ್ಬಳು ನಾಯಿ ಬೆಕ್ಕುಗಳ ಕ್ಲಿನಿಕ್ ಇಟ್ಟಿದ್ದಾಳೆ. ಫೋನ್ ಮಾಡಿ ಸ್ಪೀಕರಿಗೆ ಹಾಕಿ ಲಕ್ಷಣ ಹೇಳಿದೆ.

"ಜ್ವರ ಎಷ್ಟು?"

"ನೂರೆಂಟು."

"ಆಟ್ರೋಪಿನ್ ಕೊಡಬೇಡ ಕಣೇ. ಬಾಯಿ ಒಣಗಿಸಿದ್ರೆ ತೇಕೋದ್ರಲ್ಲಿ ಹೋಗೋ ಬಿಸೀನೂ ಹೋಗಲ್ಲ. ಇನ್ನೂ ಕಾವು ಏರುತ್ತೆ. ಈಗಾಗಲೇ ಕೊಟ್ಟಿದ್ಯಾ?"

"ಇದಕ್ಕೆ ಕೊಟ್ಟಿಲ್ಲ," ಅಂದೆ.

ಅವಳು ಬೇರೆ ಯಾವುದಕ್ಕೆ ಕೊಟ್ಟೆ ಎಂದು ಕೇಳಲಿಲ್ಲ. "ಬಸವನಹುಳಕ್ಕೆ ಇಡೋ ಮದ್ದು ಇರಬಹುದು. ಮೆಟಾಲ್ಡಿಹೈಡ್. ಅದಕ್ಕೆ ಪ್ರತಿವಿಷ ಇಲ್ಲ. ಫಿಟ್ಸ್ ನಿಲ್ಲಿಸು, ಮೈ ತಣ್ಣಗೆ ಮಾಡು, ಹೊಟ್ಟೆ ತೊಳಿ. ಡಯಾಜೆಪಾಮ್ ಇದ್ಯಾ?"

"ಮೂರು ಇದೆ."

"ಸಾಲಲ್ಲ. ಅರಿವಳಿಕೆ ಕೊಟ್ಟು ಮಲಗಿಸಿಬಿಡು."

ಸಹಾಯಕರನ್ನು ಬಾಗಿಲಲ್ಲೇ ನಿಲ್ಲಿಸಿದೆ. "ಹೋಗಬೇಡಿ. ಗೋಣಿಚೀಲ ನೆನೆಸಿ ತನ್ನಿ. ಬೋರಿನ ನೀರು, ಐಸ್ ಬೇಡ."

ಅವರು ಹೋಗದೆ ನಿಂತರು. "ಆಟ್ರೋಪಿನ್ ಇಲ್ದೆ ಎಂಗೆ ಮೇಡಂ? ವಿಷಕ್ಕೆ ಅದೇ ಅಲ್ವಾ?"

"ಬೇಡ. ಮೊದಲು ಕೊಟ್ಟಿದ್ದೇ ತಪ್ಪು."

ಮುದುಕರ ಮುಂದೆಯೇ ಅಂದೆ. ಸಹಾಯಕರು ನನ್ನ ಮುಖ ನೋಡಿ ಬಕೆಟ್ ತರಲು ಹೋದರು.

ಬೆಳ್ಳಿಯ ತೂಕ ಹದಿನಾಲ್ಕು ಕೆಜಿ. ಡಯಾಜೆಪಾಮ್ ಒಂದೂವರೆ ಎಂಎಲ್ ನಿಧಾನವಾಗಿ ನರಕ್ಕೆ ಕೊಟ್ಟೆ. ಫಿಟ್ಸ್ ತಗ್ಗಿತು. ನೆನೆದ ಗೋಣಿಚೀಲ ಹೊದಿಸಿ, ಫ್ಯಾನ್ ಎಳೆದು ಅದರ ಮೇಲೆ ಬಿಟ್ಟೆವು. ಇಪ್ಪತ್ತು ನಿಮಿಷಕ್ಕೆ ಅದುರು ಮತ್ತೆ ಶುರುವಾಯಿತು. ಎರಡನೆಯದು ಕೊಟ್ಟೆ. ಕಾಲು ಗಂಟೆ. ಮತ್ತೆ. ಮೂರನೆಯದನ್ನು ಮುಟ್ಟದೆ ಅರಿವಳಿಕೆಯ ಥಯೋಪೆಂಟೋನ್ ತೆಗೆದೆ. ಶಸ್ತ್ರಚಿಕಿತ್ಸೆಗೆಂದು ಇಟ್ಟಿದ್ದ ಒಂದೇ ವಯಲ್. ಸ್ವಲ್ಪ ಹೆಚ್ಚಾದರೂ ಉಸಿರು ನಿಲ್ಲುತ್ತದೆ. ನಮ್ಮಲ್ಲಿ ಆಕ್ಸಿಜನ್ ಇಲ್ಲ.

ಮುದುಕರಿಗೆ ಹೇಳಿದೆ, "ಇದನ್ನ ಕೊಟ್ಟರೆ ಏಳದೇ ಇರಲೂಬಹುದು. ಕೊಡದಿದ್ರೆ ಮಧ್ಯಾಹ್ನದೊಳಗೆ ಹೋಗುತ್ತೆ."

"ಕೊಡಿ," ಅಂದರು.

ಹನಿ ಹನಿಯಾಗಿ ಕೊಟ್ಟೆ. ಕಾಲುಗಳು ಸಡಿಲವಾದವು. ದವಡೆ ಬಿಟ್ಟಿತು. ಶ್ವಾಸನಾಳಕ್ಕೆ ಟ್ಯೂಬ್ ಇಳಿಸಿದೆ, ನೀರು ಶ್ವಾಸಕೋಶಕ್ಕೆ ಹೋಗದ ಹಾಗೆ. ಆಮೇಲೆ ಕರುಗಳಿಗೆ ಹಾಲು ಕುಡಿಸುವ ರಬ್ಬರ್ ನಳಿಗೆಯನ್ನು ಹೊಟ್ಟೆಗೆ ಇಳಿಸಿ ಉಗುರುಬೆಚ್ಚಗಿನ ನೀರು ಬಿಟ್ಟು, ತಲೆ ಕೆಳಗೆ ಮಾಡಿ ಹೊರತೆಗೆದೆವು. ಮೊದಲ ಸಲ ತೌಡು ಬಂತು. ಹುಳಿಹುಳಿ ವಾಸನೆ, ಬೆಲ್ಲದ್ದು. ಎರಡನೇ ಸಲ ಬಂದ ತೌಡಿನಲ್ಲಿ ಹಸಿರುನೀಲಿ ಬಣ್ಣದ ಸಣ್ಣ ಸಣ್ಣ ಚೂರುಗಳಿದ್ದವು. ಬೇಸನ್ ಅನ್ನು ಕಿಟಕಿಯ ಬೆಳಕಿಗೆ ಹಿಡಿದೆ.

ಮುದುಕರು ಇಣುಕಿ ನೋಡಿದರು. "ಇದು ಬಸವನುಳದ ಔಷ್ದಿ ಅಲ್ವಾ? ನಮ್ ಬೀದಿಯೋರೆಲ್ಲ ಇತ್ಲಲ್ಲಿ ಇಟ್ಟವ್ರಲ್ಲ. ತೌಡು ಬೆಲ್ಲ ಕಲ್ಸಿ ಉಂಡೆ ಮಾಡಿ."

"ನೀವೂ ಇಟ್ಟಿದ್ದೀರಾ?"

"ನಂಗೆಲ್ಲಿ? ಕೋಳಿ ತಿಂದ್ಬುಡ್ತವೆ ಅಂತ ನಾನು ಇಟ್ಟಿಲ್ಲ. ಇದು ಪಕ್ಕದ ಇತ್ಲಿಗೆ ಓಗಿರ್ಬೇಕು."

ಎರಡು ವರ್ಷದಿಂದ ನಮ್ಮ ಕಡೆ ದೊಡ್ಡ ಬಸವನಹುಳುಗಳ ಕಾಟ ಬಂದಿತ್ತು. ಮಳೆ ಬಿದ್ದ ಕೂಡಲೇ ಅಂಗೈ ಅಗಲದವು ಗೋಡೆ ಹತ್ತುತ್ತಿದ್ದವು. ಬೀನ್ಸ್, ಮೆಣಸಿನ ಸಸಿ, ಪರಂಗಿ, ಒಂದೇ ದಿನದಲ್ಲಿ ಬೋಳು. ಅದನ್ನು ನಾನೂ ನೋಡಿದ್ದೆ. ಅದಕ್ಕೆ ಏನು ಇಡುತ್ತಾರೆ ಎಂದು ಯೋಚಿಸಿರಲಿಲ್ಲ. ಅದು ಕೃಷಿ ಇಲಾಖೆಯವರ ಕೆಲಸ ಎಂದುಕೊಂಡಿದ್ದೆ.

ಹೊಟ್ಟೆ ತೊಳೆದು, ಉಳಿದ ವಿಷ ಹೀರಲೆಂದು ಇದ್ದಿಲಿನ ಪುಡಿ ಕಲಸಿ ಬಿಟ್ಟೆ. ಹತ್ತು ಗಂಟೆಗೆ ಕಾವು ನೂರಾ ಆರಕ್ಕೆ ಇಳಿಯಿತು. ಹತ್ತೂ ಮುಕ್ಕಾಲಿಗೆ ನೂರಾಮೂರು. ಅಲ್ಲಿಗೆ ಗೋಣಿಚೀಲ ತೆಗೆಸಿದೆ. ಅದಕ್ಕೂ ಕೆಳಗೆ ಇಳಿಸುತ್ತಾ ಹೋದರೆ ಮೈ ತಣ್ಣಗಾಗಿಬಿಡುತ್ತದೆ. ಮುದುಕರು ನೆಲದ ಮೇಲೆ ಕೂತು ಡ್ರಿಪ್ ಬಾಟಲಿ ನೋಡುತ್ತಿದ್ದರು. ನಾನು ಹೊರಗೆ ಹೋಗಿ ಹಸುಗಳನ್ನು ನೋಡಿದೆ, ಗರ್ಭ ಪರೀಕ್ಷೆ ಮಾಡಿದೆ, ಅರ್ಧ ಗಂಟೆಗೊಮ್ಮೆ ಒಳಗೆ ಬಂದು ಥರ್ಮಾಮೀಟರ್ ಇಟ್ಟೆ. ಮಧ್ಯಾಹ್ನ ಮತ್ತೆ ಅದುರು ಕಂಡಿತು, ಉಳಿದಿದ್ದ ಡಯಾಜೆಪಾಮ್ ಕೊಟ್ಟೆ. ನಾಲ್ಕು ಗಂಟೆಗೆ ಬೆಳ್ಳಿ ತಲೆ ಎತ್ತಿತು. ನಾಲಿಗೆ ಹೊರಗೆ ಹಾಕಿ ಗಾಳಿಯನ್ನೇ ನೆಕ್ಕಿತು.

ಸಹಾಯಕರು "ಉಳೀತು ಮೇಡಂ" ಅಂದರು. ಹೌದು ಅಂದೆ. ಸಂತೋಷವಾಗಬೇಕಿತ್ತು. ನಾನು ಗುಂಡನ ಬಾಯಿ ಒಣಗಿದ ಹೊತ್ತನ್ನು ಲೆಕ್ಕ ಹಾಕುತ್ತಿದ್ದೆ. ಒಂಬತ್ತೂ ಮುಕ್ಕಾಲು. ಇನ್ನೊಂದು ಡೋಸ್, ಹತ್ತೂಕಾಲು. ಇದಕ್ಕೆ ಮಾಡಿದ್ದನ್ನು ಅದಕ್ಕೆ ಮಾಡಿದ್ದರೆ ಉಳಿಯುತ್ತಿತ್ತಾ? ಇರಬಹುದು. ಇಲ್ಲದೆಯೂ ಇರಬಹುದು. ಅದನ್ನು ಇನ್ನು ಯಾರೂ ಹೇಳಲಾರರು.

ಶನಿವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಆ ಹಳ್ಳಿಗೆ ಹೋದೆ. ಸಹಾಯಕರೂ ಬಂದರು. ಬೀದಿಯ ಹಿತ್ತಲುಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿವೆ, ನಡುವೆ ಬೇಲಿ ಇದ್ದೂ ಇಲ್ಲದ ಹಾಗೆ. ಶುಂಠಿಯವರ ಹಿತ್ತಲಲ್ಲಿ ಪರಂಗಿ ಎಲೆ ಎತ್ತಿ ನೋಡಿದರೆ ಕೆಳಗೆ ತೌಡಿನ ಉಂಡೆ. ಮಳೆ ನೀರಿಗೆ ಬಿರಿದು ಹರಡಿತ್ತು, ಸುತ್ತ ಸತ್ತ ಬಸವನಹುಳುಗಳು. ಪಕ್ಕದ ಮನೆಯಲ್ಲೂ ಅದೇ. ಉಂಡೆಗಳೆಲ್ಲ ಒಂದೇ ಅಳತೆಯವು, ಒಂದೇ ಕೈಯಿಂದ ಕಟ್ಟಿದ ಹಾಗೆ.

"ಇದನ್ನ ನೀವೇ ಮಾಡಿದ್ರಾ?" ಎಂದು ಶುಂಠಿಯವನ ಹೆಂಡತಿಯನ್ನು ಕೇಳಿದೆ.

"ಇಲ್ಲ ಡಾಕ್ಟ್ರಮ್ಮ. ಟೀಚರಮ್ಮ ಮಾಡ್ಕೊಟ್ರು. ಬೀದಿಗೆಲ್ಲ ಅವ್ರೇ ಕೊಟ್ಟಿದ್ದು. ಭಾನುವಾರ ಸಂಜೆ."

ಮೊದಲ ನಾಯಿ ಸೋಮವಾರ ಬೆಳಿಗ್ಗೆ ಬಂದಿತ್ತು.

ಟೀಚರ ಮನೆ ಬಾಗಿಲು ತೆರೆದಿತ್ತು. ಹಿತ್ತಲಲ್ಲಿ ಮೆಣಸಿನ ಸಾಲು, ಬೀನ್ಸ್ ಬಳ್ಳಿ ಅಚ್ಚುಕಟ್ಟಾಗಿದ್ದವು. ಬಚ್ಚಲ ಕಟ್ಟೆಯ ಮೇಲೆ ಅಲ್ಯೂಮಿನಿಯಂ ಬೇಸನ್ ಕವುಚಿತ್ತು, ಅಂಚಿನಲ್ಲಿ ಒಣಗಿದ ತೌಡು. ಪಕ್ಕದಲ್ಲಿ ಔಷಧಿಯ ಖಾಲಿ ಪೊಟ್ಟಣ.

ನಾನು ಅದನ್ನು ಕೈಗೆತ್ತಿಕೊಂಡಾಗ ಅವರಿಗೆ ಅರ್ಥವಾಗಲಿಲ್ಲ.

"ಅದು ಬಸವನಹುಳದ್ದು ಮೇಡಂ. ಅಂಗಡಿಯವನು ಹುಳಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಏನೂ ಆಗಲ್ಲ ಅಂದ. ನಾನು ಎರಡು ಸಲ ಕೇಳಿದೆ, ಮನೇಲಿ ನಾಯಿ ಇದೆ ಅಂತ. ಏನೂ ಆಗಲ್ಲಮ್ಮ ಅಂದ. ಅದಕ್ಕೇ ಬೀದಿಗೆಲ್ಲ ಮಾಡಿಕೊಟ್ಟೆ. ಎಲ್ಲರೂ ಒಟ್ಟಿಗೆ ಇಟ್ಟರೆ ಮಾತ್ರ ಹುಳ ಹೋಗೋದು ಅಂತ."

ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು, ಸಾಕುಪ್ರಾಣಿಗಳಿಂದ ದೂರವಿಡಿ ಎಂದು. ಅದನ್ನು ಓದಿ ಹೇಳಲಿಲ್ಲ.

ಬರುವ ದಾರಿಯಲ್ಲಿ ಯೋಚಿಸಿದ್ದೆ, ಬೇರೆ ಹೇಗಾದರೂ ಹೇಳಬಹುದಾ ಎಂದು. ಯಾವುದೋ ಹೊಲದಿಂದ ಬಂದಿರಬಹುದು ಅನ್ನಬಹುದಿತ್ತು. ಗುಂಡ ಇವರಿಗೆ ಏನಾಗಿದ್ದ ಎಂದು ನನಗೆ ಗೊತ್ತಿತ್ತು. ಆದರೆ ಆ ಬೀದಿಯ ತುದಿಯಲ್ಲಿ ಕಿತ್ತ ಕೋಳಿಗೂಡಿನ ತಗಡು ಇನ್ನೂ ಬಿದ್ದಿತ್ತು, ಠಾಣೆಯಲ್ಲಿ ನನ್ನ ಚೀಟಿ ಇತ್ತು.

"ಟೀಚರ್, ಕೂತ್ಕೊಳ್ಳಿ," ಅಂದೆ. ಹೇಳಿದೆ. ಬೆಳ್ಳಿಯ ಹೊಟ್ಟೆಯಿಂದ ಬಂದದ್ದನ್ನು ಹೇಳಿದೆ.

ಅವರು ಬೇಸನ್ ಕಡೆ ನೋಡುತ್ತಾ ಕೂತರು. "ಹಾಗಾದ್ರೆ ನಾನೇ," ಅಂದರು.

"ಅವನು ತಿಂದಿದ್ದು ಅದನ್ನೇ. ಅದು ಹೌದು. ಆದ್ರೆ ಇನ್ನೊಂದಿದೆ. ನಾನು ಕೊಟ್ಟ ಇಂಜೆಕ್ಷನ್ನನ್ನೂ ಈ ವಿಷಕ್ಕೆ ಕೊಡಬಾರದಾಗಿತ್ತು. ಜ್ವರ ನೋಡಿದ್ದಿದ್ರೆ ನನಗೆ ಗೊತ್ತಾಗ್ತಿತ್ತು. ನೋಡಲಿಲ್ಲ."

"ನೋಡಿದ್ದಿದ್ರೆ ಬದುಕ್ತಿದ್ದನಾ?"

"ಗೊತ್ತಿಲ್ಲ. ಬೆಳ್ಳಿ ಬದುಕಿದೆ."

ಅವರು ಅಳಲಿಲ್ಲ. ನನ್ನನ್ನು ಬೈಯಲೂ ಇಲ್ಲ. ಎದ್ದು ಬೇಸನ್ ಎತ್ತಿಕೊಂಡು ನಲ್ಲಿಯ ಹತ್ತಿರ ಹೋದರು, ತೊಳೆಯಲು. ನಾನು ತಡೆದೆ. ಅದರ ನೀರು ಮೋರಿಗೆ ಹೋಗಬಾರದು ಎಂದೆ. ಹಾಗೇ ಹಿಡಿದುಕೊಂಡು ನಿಂತರು.

ಮಧ್ಯಾಹ್ನ ಪೊಲೀಸ್ ಠಾಣೆಗೆ ಹೋಗಿ ಹೊಸ ವರದಿ ಬರೆದುಕೊಟ್ಟೆ. ಹಿತ್ತಲುಗಳಲ್ಲಿ ಬಸವನಹುಳಕ್ಕೆ ಇಟ್ಟ ಮದ್ದನ್ನು ನಾಯಿಗಳು ತಾವಾಗಿ ತಿಂದಿವೆ, ಯಾರೂ ಉದ್ದೇಶಪೂರ್ವಕವಾಗಿ ಹಾಕಿದ್ದಕ್ಕೆ ಗುರುತಿಲ್ಲ, ಸೋಮವಾರದ ಚೀಟಿಯಲ್ಲಿ ಬರೆದದ್ದು ತಪ್ಪು. ಯಾರು ಮಾಡಿ ಹಂಚಿದರು ಎಂದು ಬರೆಯಲಿಲ್ಲ. ಅಲ್ಲಿದ್ದ ಅಧಿಕಾರಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು.

"ಮೊದಲು ಒಂದು ಬರೆದ್ರಿ, ಈಗ ಇನ್ನೊಂದು ಬರೀತಿದ್ದೀರಿ ಮೇಡಂ. ಮೇಲಿನವರು ಕೇಳಿದ್ರೆ?"

"ನನ್ನ ಹತ್ತಿರ ಕಳಿಸಿ," ಅಂದೆ.

ಚಿಕಿತ್ಸಾಲಯದ ರಿಜಿಸ್ಟರಿನಲ್ಲೂ ಮೊದಲ ಮೂರು ನಾಯಿಗಳ ಮುಂದೆ ಕೆಂಪು ಇಂಕಿನಲ್ಲಿ ತಿದ್ದಿ, ಅವುಗಳಲ್ಲಿ ಎರಡಕ್ಕೆ ಏನು ಕೊಟ್ಟೆ, ಯಾಕೆ ಅದು ಸರಿಯಲ್ಲ ಎಂದು ಬರೆದು ಸಹಿ ಮಾಡಿದೆ. ಮುಂದೆ ಬರುವ ಡಾಕ್ಟರು ಓದಬಹುದು.

ಭಾನುವಾರ ಬೆಳಿಗ್ಗೆ ಏಳಕ್ಕೆ ಮತ್ತೆ ಹೋದೆವು. ಮೈಕಿನಲ್ಲಿ ಕೂಗಿಸಿ ಜನ ಸೇರಿಸೋಣ ಎಂದು ಸಹಾಯಕರು ಹೇಳಿದ್ದರು. ಬೇಕಾಗಲಿಲ್ಲ. ನಾವು ಹೋಗುವಷ್ಟರಲ್ಲಿ ಟೀಚರು ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಒಂದೊಂದೇ ಹಿತ್ತಲಿನಿಂದ ಉಂಡೆಗಳನ್ನು ಆರಿಸುತ್ತಿದ್ದರು. ಪ್ರತಿ ಮನೆ ಬಾಗಿಲಲ್ಲೂ ನಿಂತು ಅದೇ ಮಾತು ಹೇಳುತ್ತಿದ್ದರು. "ನಾನು ಕೊಟ್ಟಿದ್ದರಲ್ಲೇ ವಿಷ ಇತ್ತು. ನಾಯಿಗಳು ಸತ್ತಿದ್ದು ಅದರಿಂದ. ಕೋಳಿ ಅಣ್ಣ ಏನೂ ಮಾಡಿಲ್ಲ." ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶುಂಠಿಯವನು ಒಳಗೆ ಹೋದ. ಅವನ ಹೆಂಡತಿ ಗುದ್ದಲಿ ತಂದು ಕೊಟ್ಟಳು.

ಬಾವಿ, ಮೋರಿಗಳಿಂದ ದೂರ ಆಳದ ಗುಂಡಿ ತೆಗೆಸಿ, ಎಲ್ಲವನ್ನೂ ಚೀಲದಲ್ಲಿ ಕಟ್ಟಿ ಹೂಳಿದೆವು. ಹುಳಕ್ಕೆ ಏನು ಮಾಡೋದು ಎಂದು ಕೇಳಿದರು. ಸಂಜೆ ನೆನೆಸಿದ ಗೋಣಿಚೀಲ ಹಾಸಿ ಅದರಡಿ ಪರಂಗಿ ಎಲೆ ಇಡಿ, ಬೆಳಿಗ್ಗೆ ಚೀಲ ಎತ್ತಿದರೆ ಹುಳುಗಳು ಅಲ್ಲೇ ಸೇರಿರುತ್ತವೆ, ಕೈಗೆ ಚೀಲ ಹಾಕಿಕೊಂಡು ಆರಿಸಿ ಉಪ್ಪುನೀರಿನ ಬಕೆಟಿಗೆ ಹಾಕಿ ಎಂದೆ. ದಿನಾ ಮಾಡಬೇಕಾ ಎಂದರು. ದಿನಾ ಎಂದೆ. ಯಾವ ಔಷಧಿ ತಂದರೂ ಅಂಗಡಿಯವರನ್ನಲ್ಲ, ನನಗೊಂದು ಫೋನ್ ಮಾಡಿ ಕೇಳಿ ಎಂದೆ. ಹೇಳುವಾಗ ನನ್ನ ಮಾತು ನನಗೇ ಬೇರೆ ಯಾರದೋ ಹಾಗೆ ಕೇಳಿಸುತ್ತಿತ್ತು.

ಕೊನೆಗೆ ಕೋಳಿಯವರ ಮನೆಗೆ ಹೋದೆವು, ನಾನು ಮತ್ತು ಟೀಚರು. ಮುದುಕರು ಜಗಲಿಯ ಮೇಲೆ ಕೂತು ಬೆಳ್ಳಿಗೆ ಗಂಜಿ ಕುಡಿಸುತ್ತಿದ್ದರು. ನಾಯಿ ಇನ್ನೂ ತೂರಾಡುತ್ತಿತ್ತು. ಅದರ ಕಣ್ಣು ನೋಡಿದೆ, ಹೊಟ್ಟೆ ಮುಟ್ಟಿ ನೋಡಿದೆ. ಈ ವಿಷದಲ್ಲಿ ಎರಡು ಮೂರು ದಿನ ಬಿಟ್ಟು ಪಿತ್ತಜನಕಾಂಗ ಕೈಕೊಡುವುದುಂಟು. ಕಣ್ಣು, ವಸಡು ಹಳದಿಯಾಗಿರಲಿಲ್ಲ.

ಟೀಚರು ನಿಂತೇ ಇದ್ದರು. "ಅಣ್ಣ, ನಿನ್ನ ಮೇಲೆ ಕಂಪ್ಲೇಂಟ್ ಕೊಟ್ಟಿದ್ದು ನಾನು. ಮದ್ದು ಮಾಡಿದ್ದೂ ನಾನು," ಅಂದರು.

ಮುದುಕರು ಗಂಜಿ ಲೋಟ ಕೆಳಗಿಟ್ಟರು.

"ನಾನೂ ಅಂಗೆ ಬೈದಿದ್ದೆ ಕಣಮ್ಮ, ಟೀ ಅಂಗ್ಡಿ ತಾವ. ಅದ್ಕೆ ನಿಮ್ಗೆ ಅಂಗನ್ನಿಸ್ತು, ಸರಿ. ಗೂಡು ಕಟ್ಕೋಬೋದು. ಆದ್ರೆ ಮೂರ್ ನಾಯಿ ಸತ್ವಲ್ಲ, ಒಬ್ರಾದ್ರೂ ಬಂದು ನನ್ನ ಕೇಳ್ಬೋದಾಗಿತ್ತು. ನಾನು ದಿನಾ ಬೆಳಗ್ಗೆ ಕೋಳಿ ಬುಡಾಕೆ ಎದ್ದಾಗ ನಾಯ್ಗಳು ಇತ್ಲಲ್ಲಿ ಆ ಉಂಡೆ ತಿಂತಿದ್ದುದ್ನ ನೋಡಿವ್ನಿ. ಉಳದ ಔಷ್ದಿ ನಾಯ್ಗೆ ಏನ್ ಮಾಡ್ತದೆ ಅಂದ್ಕಂಡಿದ್ದೆ. ಕೇಳಿದ್ರೆ ಏಳ್ತಿದ್ದೆ."

ಹೇಳುವಾಗ ಟೀಚರ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದರು. ನಾನೂ ಕೇಳಿರಲಿಲ್ಲ. ಬೀದಿಗೆ ಬಂದಿರಲಿಲ್ಲ, ನಾಯಿಗಳು ಎಲ್ಲಿ ಏನು ತಿಂದವು ಎಂದು ಯಾರನ್ನೂ ವಿಚಾರಿಸಿರಲಿಲ್ಲ. ಐದು ದಿನ ಮೇಜಿನ ಆಚೆ ಕಡೆಯಿಂದಲೇ ನೋಡಿದ್ದೆ.

ಬ್ಯಾಗಿನಿಂದ ಲಿವರ್ ಸಿರಪ್ಪಿನ ಬಾಟಲಿ ತೆಗೆದು ಅವರ ಕೈಗೆ ಕೊಟ್ಟೆ.

"ಬೆಳಿಗ್ಗೆ ಅರ್ಧ ಮುಚ್ಚಳ, ಸಂಜೆ ಅರ್ಧ ಮುಚ್ಚಳ. ಹತ್ತು ದಿನ," ಅಂದೆ.

ಅವರು ಬಾಟಲಿಯನ್ನು ತಿರುಗಿಸಿ ನೋಡಿದರು. "ಊಟಕ್ಕೆ ಮುಂಚೆನಾ, ಆದ್ಮೇಲಾ?"

"ಆದ ಮೇಲೆ," ಅಂದೆ.